ರೇಚಲ್‌ಳ ಮುಂಜಿಗೆ ನಮ್ಮ ಅಕ್ಷತೆ

ಅಮೆರಿಕದಲ್ಲಿ ಊಟಕ್ಕೆ ಕರೆದರೆ ಹಸಿದುಕೊಂಡು ಹೋದರೆ ಸಾಕು. ಮುಂಜಿಗೆ ಕರೆದರೆ ಓದಿಕೊಂಡು ಹೋಗಬೇಕು. ನಾನು ಓದಿಕೊಂಡೇ ಹೋಗಿದ್ದೆ. ಎಡವಟ್ಟಾಗಿದ್ದೇ ಅದರಿಂದ.

ನನ್ನ ಮಗಳು ಶುಭಾಳ ಗೆಳತಿ ರೇಚಲ್ ಯೆಹೂದಿಗಳ ಹುಡುಗಿ. ಅವರಲ್ಲಿ ಹದಿಮೂರಾದ ಮಕ್ಕಳು ಸಭೆಯ ಮುಂದೆ ನಿಂತು ಧರ್ಮಗ್ರಂಥ ಓದಬೇಕು. ಹುಡುಗಿಯಾದರೆ ಅದಕ್ಕೆ ಬ್ಯಾಟ್ ಮಿಟ್ಸ್ವಾ ಎನ್ನುತ್ತಾರೆ. ಯೂನಿಯನ್ ಸಿಟಿಯ ಹೊಸ ಶಾಲೆಯಲ್ಲಿ ಶುಭಾಗೆ ಸಿಕ್ಕಿದ್ದ ಗೆಳತಿ ಇವಳೊಬ್ಬಳೇ. "ಅಮ್ಮಾ, ಪ್ಲೀಸ್, ಡೋಂಟ್ ಎಂಬರಾಸ್ ಮಿ" ಎಂದು ವಾರವಿಡೀ ಗೋಗರೆದಿದ್ದಳು. ನಾವೇನಾದರೂ ಅವಾಂತರ ಮಾಡಿದರೆ ಸೋಮವಾರ ಊಟದ ಬಿಡುವಿನಲ್ಲಿ ಅವಳು ಒಂಟಿಯಾಗಿ ಕೂರಬೇಕಾದೀತೆಂದು ನನಗೂ ದಿಗಿಲು. ಹಾಗಾಗಿ ಲೈಬ್ರರಿಯಿಂದ ಪುಸ್ತಕ ತಂದು ಓದಿ, ಫ್ರೀವೇ ಉದ್ದಕ್ಕೂ ನನ್ನ ಗಂಡನಿಗೂ ಮೈಸೂರಿನಿಂದ ಬಂದಿದ್ದ ಅತ್ತೆಗೂ ಪಾಠ ಒಪ್ಪಿಸಿದೆ: ಶನಿವಾರ ಅವರಿಗೆ ಪವಿತ್ರ, ಫೋಟೋ ಕೂಡದು, ನಮ್ಮ ಮುಂಜಿಗಳ ಹಾಗೆ ಮಂತ್ರ ಒಂದು ಕಡೆ, ಹರಟೆ ಒಂದು ಕಡೆ ನಡೆಯುವುದಿಲ್ಲ, ಊಟದ ಹೊತ್ತಿಗೆ ಮಾತ್ರ ಮುಖ ತೋರಿಸಿದರೆ ಆಗುವುದಿಲ್ಲ.

ಯಾರು ಕೇಳುತ್ತಾರೆ! ನನ್ನ ಗಂಡ ಕೊರಳಿಗೆ ಕ್ಯಾಮೆರಾ ಹಾಕಿಕೊಂಡೇ ಇಳಿದರು. ಅದನ್ನು ಕಾರಿನಲ್ಲಿ ಇಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವರ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಒಬ್ಬರು ಇವರ ತಲೆಗೆ ಪುಟ್ಟ ಟೋಪಿ ಇಡುತ್ತಿದ್ದರೆ ಇವರು ಬಗ್ಗಿ ಶೂ ಬಿಚ್ಚುತ್ತಿದ್ದರು! ದೇವರ ಮುಂದೆ ನಾವು ಕಾಲು ಬರಿದು ಮಾಡುತ್ತೇವೆ, ಅವರು ತಲೆ ಮುಚ್ಚುತ್ತಾರೆ. ಎರಡನ್ನೂ ಒಟ್ಟಿಗೆ ಪಾಲಿಸಲು ಹೊರಟವರು ಇವರೊಬ್ಬರೇ ಇರಬೇಕು.

ಅತ್ತೆಯದು ಇನ್ನೊಂದು. ಕರವಸ್ತ್ರದಲ್ಲಿ ಅಕ್ಷತೆ ಕಟ್ಟಿಕೊಂಡು ಬಂದಿದ್ದರು.

"ಇಲ್ಲಿ ಏನೂ ಎಸೆಯೋ ಹಾಗಿಲ್ಲ ಅತ್ತೆ."

"ಮಗೂಗೆ ನಾಲ್ಕು ಕಾಳು ಹಾಕ್ದೆ ಬರೋಕಾಗುತ್ತೇನೇ?"

ನಾನು ಕಣ್ಣು ಬಿಟ್ಟೆ. ಗಂಟು ಸೊಂಟಕ್ಕೆ ಹೋಯಿತು.

ಒಳಗೆ ಎದ್ದು ಕೂತು, ಕೂತು ಎದ್ದು, ಎರಡು ತಾಸಾಯಿತು. ನನಗೆ ಹಸಿವು, ಸಿಡುಕು. ರೇಚಲ್ ಓದುತ್ತಿದ್ದಾಗ ಒಬ್ಬಾಕೆ ಎಲ್ಲರ ಕೈಗೂ ಒಂದೊಂದು ಮಿಠಾಯಿ ಕೊಟ್ಟುಹೋದಳು. ಪುಸ್ತಕದಲ್ಲಿ ಇದು ಇರಲಿಲ್ಲ. ಪಾಪ, ಹಸಿದವರ ಕಷ್ಟ ಬಲ್ಲವರು ಎಂದುಕೊಂಡು ಬಾಯಿಗೆ ಹಾಕಿಕೊಂಡೆ. ಅದು ಹಲ್ಲಿಗೆ ಅಂಟಿ ಕೂತಿತು.

ಕೊನೆಯ ಸಾಲಿಗೆ ರೇಚಲ್‌ಳ ದನಿ ನಡುಗಿತು. ಹೇಗೋ ಮುಗಿಸಿದಳು. ಮರುಕ್ಷಣ ಇಡೀ ಸಭೆ ಹೋ ಎಂದು ಅವಳ ಮೇಲೆ ಮಿಠಾಯಿ ಎಸೆಯಿತು. ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗಂಟು ಬಿಚ್ಚಿ ಹಿಡಿ ತುಂಬ ಅಕ್ಷತೆ ಬೀಸಿಯೇಬಿಟ್ಟರು.

ನಾನು ಅತ್ತೆಯ ಕೈ ಹಿಡಿಯಲು ಹೋದೆ, ತಡವಾಗಿತ್ತು. ರೇಚಲ್ ಕೂದಲಿನಿಂದ ಹಳದಿ ಅಕ್ಕಿ ಕೊಡವಿಕೊಂಡು, ಅತ್ತೆಯ ಕಡೆ ನೋಡಿ, ನಕ್ಕು ಕೈ ಬೀಸಿದಳು. ಅತ್ತೆಯ ಆಚೆ ಕೂತಿದ್ದ ಶುಭಾ ಅಂಗೈ ಚಾಚಿದಳು: "ಅಜ್ಜೀ, ನಂಗೂ!"

ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮಾ, ವೇರ್ ಈಸ್ ಯುವರ್ ಕ್ಯಾಂಡಿ?"

ನಾನು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ.

"ಓ ಮೈ ಗಾಡ್, ಅಮ್ಮ ತಿಂದ್ಬಿಟ್ಲು!"

ಅತ್ತೆ ಕರವಸ್ತ್ರದಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ನನ್ನ ಕೈಗೆ ಹಾಕಿದರು.