ಕಾರಿನ ಚಾಪೆ ಎತ್ತಿಸಿದ ಕಾದಂಬರಿ

ಇವತ್ತು ಕಿತ್ತೂರಿನ ಹೆದ್ದಾರಿ ಬದಿ, ಮಾರಲಿಟ್ಟ ಹಳೆಯ ಕಾರುಗಳಿಂದ ಹೊಸ ಬಣ್ಣದ ವಾಸನೆ ಬಂದು, ಹಳೆಯದೊಂದು ನೆನಪಾಯಿತು. ಚಿಕ್ಕವಳಿದ್ದಾಗ ಸೋದರಮಾವನ ಟ್ರಂಕಿನಲ್ಲಿ ನನಗೆ ಪತ್ತೇದಾರಿ ಕಾದಂಬರಿಗಳು ಸಿಕ್ಕಿದ್ದವು. ಎಲ್ಲವೂ ಕಾರು ಮಾರುವವರ ಮೋಸ, ಕೊಲೆಗಳ ವಿಚಿತ್ರ ಕತೆಗಳು. ಕಾದಂಬರಿ ಮುಟ್ಟಿದರೆ ಸಾಲೆ ಬಿಡಿಸುತ್ತೇನೆಂದಿದ್ದ ಅಪ್ಪನಿಗೆ ಅಂಜಿ, ಕದ್ದು ಓದುತ್ತಿದ್ದೆ.

ಒಮ್ಮೆ ಅಪ್ಪ ನೇಸರಗಿಯಲ್ಲಿ ಹಳೆಯ ಕಾರು ಕೊಳ್ಳಲು ಹೊರಟಾಗ ನಾನೂ ಹೋಗಿದ್ದೆ.

“ಕಾಯಿ ಒಡೀರಿ ಸಾವ್ಕಾರ್ರ, ಲಕ್ಷ್ಮಿ ಮನಿಗೆ ಬರಾಕತ್ತಾಳ,” ಎಂದ ವ್ಯಾಪಾರಿ. ಕಾಯಿ ಒಡೆದರೆ ವ್ಯಾಪಾರದ ಮಾತು ಮುಗಿದಂತೆ.

“ಅಪ್ಪಾ, ಕಾರಿನ್ಯಾಗಿನ ಚಾಪಿ ಮೊದಲ ಎತ್ತಿ ನೋಡು,” ಎಂದುಬಿಟ್ಟೆ.

ಅಪ್ಪ ಎತ್ತಿದಾಗ ಕೆಳಗೆ ಎರಡು ಕಾರುಗಳನ್ನು ಕತ್ತರಿಸಿ ಕೂಡಿಸಿದ ಬೆಸುಗೆ ಕಂಡಿತು.

“ನಿನಗ ಯಾರ ಹೇಳಿದ್ರು?” ಎಂದ ಅಪ್ಪ.

“ಕಾದಂಬರ್‍ಯಾಗ ಓದೇನಿ,” ಎಂದು ಕಾರಿನ ಹಿಂದೆ ಸರಿದೆ.

ಕಾಯಿ ವ್ಯಾಪಾರಿಗೆ ವಾಪಸು ಕೊಟ್ಟು ಅಪ್ಪ ನಕ್ಕುಬಿಟ್ಟ. “ಸಾಲಿ ಬಿಡಸೂದಿಲ್ಲವ್ವಾ, ಅಂಜಬ್ಯಾಡ. ಇನ್ನ ನನ್ನ ಎದುರಿಗೇ ಕುಂತ ಓದು.”

ದೇವರ ದಯೆ. ಈಗಲೂ ಪೂಜೆ ಮುಗಿಸಿ, ಪಡಸಾಲೆಯಲ್ಲಿ ಎಲ್ಲರೆದುರು ಪತ್ತೇದಾರಿ ಕಾದಂಬರಿ ಓದುತ್ತೇನೆ.