ಗೂಡಿನ ಕಿಂಡಿ

ಟೈಲರಮ್ಮನ ಹಿತ್ತಲಲ್ಲಿ ಆರು ಕೋಳಿಗಳಿದ್ದವು. ಬೂದು ಕೋಳಿ ಅವಳ ಅತ್ತೆಯ ಮುದ್ದಿನದು. "ಎಷ್ಟೇ ಚಳಿಯಿರ್ಲಿ, ಗೂಡಿನ ಕಿಂಡಿ ಮುಚ್ಚಬೇಡ ಕಣೆ, ಗಾಳಿ ಆಡ್ಬೇಕು," ಎಂದು ಅತ್ತೆ ಹಾಸಿಗೆಯಿಂದಲೇ ಹೇಳಿದ್ದರು. ಕೊರೆಯುವ ಚಳಿಗೆ ಟೈಲರಮ್ಮನ ಮನಸ್ಸು ತಡೆಯಲಿಲ್ಲ; ಹಳೆಯ ಕೋಟಿನ ಬಟ್ಟೆ ತುರುಕಿ ಕಿಂಡಿ ಮುಚ್ಚಿದಳು.

ನಾಲ್ಕನೆಯ ಬೆಳಿಗ್ಗೆ ಗೂಡು ತೆರೆದರೆ ಗೋಡೆಯೆಲ್ಲ ಒದ್ದೆ. ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಬೂದು ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು.

"ಅದಕ್ಕೆ ವಯಸ್ಸಾಗಿತ್ತು, ಅತ್ತೆ," ಎಂದಳು.

"ಅಳಬೇಡ. ಮಗು ಥರ ನೋಡ್ಕೊಂಡಿದ್ದೆ ನೀನು," ಎಂದು ಅತ್ತೆಯೇ ಅವಳ ತಲೆ ಸವರಿದರು.

ಆ ಸಮಾಧಾನವೇ ಅವಳನ್ನು ಚುಚ್ಚಿತು. ಎರಡು ದಿನ ಹೊಲಿದದ್ದೆಲ್ಲ ಸೊಟ್ಟಗಾಯಿತು. ಮೂರನೆಯ ದಿನ ಅತ್ತೆಯ ಪಕ್ಕ ಕುಳಿತು, "ಕಿಂಡಿ ಮುಚ್ಚಿದ್ದು ನಾನೇ," ಎಂದಳು.

ಅತ್ತೆ ಗೋಡೆಯತ್ತ ಹೊರಳಿ ಮಲಗಿದರು. ಸಂಜೆ ಮಾತ್ರ, "ಉಳಿದವು ಕಾಳು ತಿಂದ್ವಾ?" ಎಂದು ಕೇಳಿದರು.