ಕಡೆಯ ರೊಟ್ಟಿಯ ಪಾಲುದಾರ

ಆ ಭಾನುವಾರ ಬೆಳಿಗ್ಗೆ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಕಾರುಗಳನ್ನು ಹೊರಗೆ ನಿಲ್ಲಿಸಿ ಸಭೆ ಸೇರಿಸಿದ್ದರು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಸ್ಕೂಟರುಗಳ ಮೇಲೇ ಕೂತಿದ್ದರು. ಎದುರಿಗೆ ಅಸೋಸಿಯೇಷನ್ನಿನ ಅಧ್ಯಕ್ಷರು, ನಿವೃತ್ತರಾಗಿ ಮಾತು ಕಡಿಮೆ ಮಾಡಿಕೊಂಡ ಹಿರಿಯರು. ಅವರ ಪಕ್ಕದಲ್ಲಿ ಕಾರ್ಯದರ್ಶಿ, ಹೊಸ ಕಾರಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿರ್ರನೆ ತಿರುಗಿಸುತ್ತಿದ್ದರು. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗರಲ್ಲಿ ಎದ್ದು ಬಂದವನು ಒಬ್ಬನೇ, ಮೈಸೂರಿನವನು. ನಾನು, ನನ್ನ ಹೆಂಡತಿ. ಮತ್ತೆ ಎಲ್ಲರಿಂದ ಒಂದು ಮಾರು ದೂರ ಕುರ್ಚಿ ಎಳೆಸಿಕೊಂಡು, ಸೆರಗು ಬಿಗಿದು ಕೂತಿದ್ದ ನಮ್ಮ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ.

ಸಭೆ ನಡೆದದ್ದು ಯಾರ ಸಲುವಾಗಿಯೋ ಅದು ಮಾತ್ರ ನೀರಿನ ಮೋಟಾರಿನ ಪಕ್ಕದ ತಂಪಿಗೆ ಹೊಟ್ಟೆ ಹಾಸಿ ಮಲಗಿತ್ತು. ಕಂದು ಬಣ್ಣದ ಬೀದಿನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು.

ಇದೆಲ್ಲದರ ಬೇರು ಊರಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿತ್ತು. ಅಪ್ಪನ ನೌಕರಿಯ ಕಾಲದಿಂದ ನಾವಿದ್ದದ್ದು ಅಲ್ಲಿಯ ಒಂದಂತಸ್ತಿನ ಮನೆಯಲ್ಲಿ. ಹಿತ್ತಲು, ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು. ರಾಯಚೂರಿನಿಂದ ಬಂದು ನಮ್ಮೊಂದಿಗೆ ಉಳಿದ ದೊಡ್ಡವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ಕಡೆಯ ರೊಟ್ಟಿ ಮನೆಯವರಿಗಲ್ಲ, ನಾಯಿಗೆ. ಯಾವ ನಾಯಿ ಅಂತಿರಲಿಲ್ಲ, ಹಿತ್ತಲ ಬಾಗಿಲಿಗೆ ಬಂದದ್ದಕ್ಕೆ. ಆದರೆ ಆಕೆಯ ಮಡಿ ಭಾರಿ ಮಡಿ. ಸ್ನಾನವಾದ ಮೇಲೆ ಹಗ್ಗದ ಮೇಲಿನ ಸೀರೆಯನ್ನು ಕೂಡ ಕೋಲಿನಿಂದಲೇ ಎತ್ತಿ ತೆಗೆದುಕೊಳ್ಳುವವಳು. ಹೀಗಾಗಿ ರೊಟ್ಟಿಯನ್ನು ಹೊಸ್ತಿಲಲ್ಲಿ ನಿಂತು ದೂರಕ್ಕೆ ಎಸೆಯುವುದು ರೂಢಿ. ಗುರಿ ತಪ್ಪಿದ್ದು ನಾನು ನೋಡಿಲ್ಲ.

ನನ್ನ ಹೆಂಡತಿಗೆ ಕೂಕಟ್‌ಪಲ್ಲಿ ಕಡೆಯ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ಕೆಲಸ ಸಿಕ್ಕಿದಾಗ ಊರಿನ ಈ ತುದಿಯಿಂದ ಆ ತುದಿಗೆ ಓಡಾಡುವುದು ಆಗಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಮೊದಲ ಮಹಡಿಯ ಫ್ಲ್ಯಾಟು ಹಿಡಿದೆವು. ನನಗೆ ನಾಂಪಲ್ಲಿಯ ಆಫೀಸಿಗೆ ಬಸ್ಸು ದೂರವಾಯಿತು, ದೊಡ್ಡವ್ವನಿಗೆ ಹಿತ್ತಲೇ ಹೋಯಿತು. ಬಂದ ಹೊಸದರಲ್ಲಿ ರೊಟ್ಟಿ ಬಡಿದು ಮುಗಿಸಿ, ಕಡೆಯದನ್ನು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ತಿರುಗಿದಳು. ಆಮೇಲೆ ಬಾಲ್ಕನಿ ಕಂಡಿತು. ಕೆಳಗೆ ಗೇಟಿನ ಹತ್ತಿರ ಈ ಕಂದು ನಾಯಿಯೂ ಕಂಡಿತು.

ಸುಮಾರು ದಿನ ಎಲ್ಲ ಸರಿಯಾಗೇ ನಡೆಯಿತು. ಆದರೆ ಹಿಂದಿನ ದಿನ ಬಡಿದ ರೊಟ್ಟಿ ಒಣಗಿದರೆ ಅದು ಹೆಂಚಿನಂತೆ ಗಟ್ಟಿ. ಒಂದು ಸಂಕ್ರಾಂತಿಯ ಮರುದಿನ, ಎಳ್ಳು ಹಚ್ಚಿದ ಅಂಥದೊಂದು ಕಟಕ್ ರೊಟ್ಟಿಯನ್ನು ದೊಡ್ಡವ್ವ ಎಸೆದಳು. ಗಾಳಿಪಟದ ದಿನಗಳು, ಗಾಳಿ ಜೋರಿತ್ತು. ರೊಟ್ಟಿ ಹೊರಳಿ ಹೋಗಿ ಕಾರ್ಯದರ್ಶಿಗಳ ಹೊಸ ಕಾರಿನ ನೆತ್ತಿಯ ಮೇಲೆ ಠಣ್ ಎಂದು ಬಿತ್ತು. ಕಾರು ಒಮ್ಮೆಲೆ ಕೂಗಿಕೊಳ್ಳತೊಡಗಿತು. ಆಗಷ್ಟೇ ಬಂದಿದ್ದ ಅಲಾರಮ್ಮು, ಇಡೀ ಗಲ್ಲಿ ಹೊರಗೆ ಬಂದು ನೋಡಿತು. ಕಾರು ಎಷ್ಟು ಕೂಗಿದರೂ ನಾಯಿ ತನ್ನ ಪಾಲು ಬಿಡುವುದುಂಟೇ? ಬಾನೆಟ್ಟಿನ ಮೇಲೆ ಜಿಗಿದು, ಅಲ್ಲಿಂದ ಗಾಜಿನ ಮೇಲೆ ಜಾರುತ್ತ ನೆತ್ತಿಗೇರಿ, ಉಗುರಿನಲ್ಲಿ ಗೆರೆ ಎಳೆದು, ರೊಟ್ಟಿ ಕಚ್ಚಿಕೊಂಡೇ ಇಳಿಯಿತು.

ಸಭೆ ಕರೆದದ್ದು ಅದಕ್ಕೆ.

ಕಾರ್ಯದರ್ಶಿಗಳು ಎದ್ದು ನಿಂತು ತೆಲುಗಿನಲ್ಲಿ ಹೊಸ ನಿಯಮಗಳನ್ನು ಹೇಳಿದರು. ಬಾಲ್ಕನಿಯಲ್ಲಿ ಕಾಳು ಚೆಲ್ಲಿ ಪಾರಿವಾಳ ಕರೆಯುವಂತಿಲ್ಲ. ಕಸದ ಕವರನ್ನು ಬಾಗಿಲಾಚೆ ಇಟ್ಟು ಇಲಿ ಬೆಕ್ಕುಗಳನ್ನು ಕರೆಯುವಂತಿಲ್ಲ. ಯಾವ ಪ್ರಾಣಿಗೆ ಯಾರು ಊಟ ಹಾಕುತ್ತಾರೋ ಅವರೇ ಅದರ ಮಾಲೀಕರು, ಸೂಜಿ ಹಾಕಿಸಬೇಕು, ಕೊರಳಪಟ್ಟಿ ಹಾಕಬೇಕು, ಸರಪಳಿ ಹಿಡಿದೇ ಹೊರಗೆ ಒಯ್ಯಬೇಕು. ಮಾಲೀಕರಿಲ್ಲದ ನಾಯಿಯನ್ನು ಬುಧವಾರ ಮುನಿಸಿಪಾಲ್ಟಿ ಗಾಡಿಯವರು ಬಂದು ಹಿಡಿದುಕೊಂಡು ಹೋಗುತ್ತಾರೆ. ನಿಯಮಗಳಲ್ಲಿ ತಪ್ಪೇನೂ ಇರಲಿಲ್ಲ, ಇದನ್ನು ಒಪ್ಪಬೇಕು. ಗೇಟಿನಲ್ಲಿ ಸಣ್ಣ ಮಕ್ಕಳು ಆಡುತ್ತಿದ್ದವು.

"ಅಮ್ಮಗಾರೂ, ಹೇಳಿ. ಈ ನಾಯಿ ನಿಮ್ಮದೋ ಅಲ್ಲವೋ?" ಎಂದರು.

"ನಂದ್ಯಾಕ ಆಗತೈತಿ?" ದೊಡ್ಡವ್ವ ತೆಲುಗಿನಲ್ಲಿ ಶುರು ಮಾಡಿದರೂ ಸಿಟ್ಟಿಗೆ ಕನ್ನಡಕ್ಕೆ ಇಳಿದುಬಿಡುತ್ತಿದ್ದಳು. "ನಾ ಅದನ್ನ ಮುಟ್ಟಿಲ್ಲ, ತಟ್ಟಿಲ್ಲ, ಹೆಸರಿಟ್ಟಿಲ್ಲ. ಹಂಚಿನ ಮ್ಯಾಲಿನ ಕಡೀ ರೊಟ್ಟಿ ಅದರ ಪಾಲು. ಅದರದ್ದು ಅದಕ್ಕ ಮುಟ್ಟಸ್ತೀನಿ, ಅಷ್ಟ. ಪೇಪರ್ ಹಾಕೋ ಹುಡುಗ ನಿನಗ ದಿನಾ ಪೇಪರ್ ಹಾಕತಾನ. ಅವ ನಿನ್ನ ಮಾಲಕೇನು?"

ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾರ್ಯದರ್ಶಿಗಳು ಮೈಸೂರಿನ ಹುಡುಗನ ಕಡೆ ತಿರುಗಿ, "ಏನಂತಾರೆ?" ಎಂದರು.

"ಕಾರು ತುಂಬಾ ಚೆನ್ನಾಗಿದೆ ಅಂತಾರೆ ಸಾರ್," ಅಂದ ಆ ಹುಡುಗ.

"ಏ ಮೈಸೂರಪಾಕ, ನಾ ಅಂದದ್ದನ್ನ ಅನ್ನು. ಬೆಣ್ಣಿ ಹಚ್ಚಬ್ಯಾಡ."

"ಅಜ್ಜಿ, ಸ್ವಲ್ಪ ಬೆಣ್ಣೆ ಬೇಕಾಗುತ್ತೆ ಇಲ್ಲಿ."

ಅಧ್ಯಕ್ಷರು, "ಹಾಗಾದರೆ ನಾಯಿ ನಿಮ್ಮದಲ್ಲ ಅಂತ ಬರೆದುಕೊಳ್ಳಲೇ ಅಮ್ಮಾ? ಬುಧವಾರ ಗಾಡಿಗೆ ಹೇಳಿಬಿಡುತ್ತೇನೆ," ಎಂದರು ಮೆತ್ತಗೆ.

ದೊಡ್ಡವ್ವ ಮೋಟಾರಿನ ಕಡೆ ನೋಡಿದಳು. ನಾಯಿ ಇದಾವುದರ ಪರಿವೆಯಿಲ್ಲದೆ ಮಡಚಿದ ಕಿವಿಯನ್ನು ಹಿಂಗಾಲಿನಿಂದ ಕೆರೆದುಕೊಳ್ಳುತ್ತಿತ್ತು. ಆಕೆ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ಆಮೇಲೆ ಎದ್ದು, "ಬರ್ಕೋರಿ. ನಂದ," ಅಂದು ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದಳು.

ಮಂಗಳವಾರ ನಾನು ಅರ್ಧ ದಿನ ರಜೆ ಹಾಕಿ ಆಟೋ ತಂದೆ. ಮೈಸೂರಿನ ಹುಡುಗ ಬಿಸ್ಕತ್ತು ತೋರಿಸಿ ತೋರಿಸಿ ನಾಯಿಯನ್ನು ಹತ್ತಿಸಿದ. ದೊಡ್ಡವ್ವ ತನಗೆ ಬೇರೆ ಆಟೋ ಮಾಡಿಸಿಕೊಂಡು ಹಿಂದೆ ಬಂದಳು. ಪಶು ಆಸ್ಪತ್ರೆಯಲ್ಲಿ ನಾಯಿಯ ಹೆಸರು ಏನೆಂದು ಕೇಳಿದರು. "ಹೆಸರಿಟ್ರ ಮಾಯಾ ಹತ್ತತೈತಿ, ಹಂಗ ಬರ್ಕೋ," ಎಂದಳು. ಕಂಪೌಂಡರ್ ಆಕೆಯ ಮನೆ ನಂಬರನ್ನೇ ಬರೆದುಕೊಂಡ.

ಸೂಜಿ ಕಂಡದ್ದೇ ನಾಯಿ ಮೇಜಿನ ಕೆಳಗೆ ಸೇರಿಕೊಂಡಿತು. ನಾನು ಹಿಡಿಯಲು ಹೋದರೆ ಹಲ್ಲು ಕಿರಿಯಿತು. ಆ ಹುಡುಗನ ಅಂಗಿಯ ತೋಳು ಹರಿಯಿತು. "ಮಾಲೀಕರು ಯಾರು? ಅವರು ಹಿಡಿಯಲಿ. ಇಲ್ಲವಾದರೆ ನಾನು ಚುಚ್ಚಲಾರೆ," ಎಂದರು ಡಾಕ್ಟರು. ಸೂಜಿ ಇಲ್ಲದಿದ್ದರೆ ಅಸೋಸಿಯೇಷನ್ನಿಗೆ ತೋರಿಸುವ ಚೀಟಿ ಇಲ್ಲ, ಚೀಟಿ ಇಲ್ಲದಿದ್ದರೆ ನಾಳೆಯೇ ಬುಧವಾರ. ಬಾಗಿಲ ಹೊರಗೆ ನಿರಿಗೆ ಎತ್ತಿ ಹಿಡಿದು ನಿಂತಿದ್ದ ದೊಡ್ಡವ್ವ ಒಂದು ಸಲ ಒಳಗೆ ನೋಡಿದಳು, ಒಂದು ಸಲ ಹೊರಗೆ ರಸ್ತೆ ನೋಡಿದಳು.

ಒಳಗೆ ಬಂದಳು. ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತು, "ಬಾರಽ ಇಲ್ಲೆ. ಕಾರಿನ ಮ್ಯಾಲ ಹತ್ತುವಾಗ ಇದ್ದ ಧೈರ್ಯ ಎಲ್ಲಿ ಹೋತು?" ಅಂದಳು. ನಾಯಿ ಹೊರಗೆ ಬಂತು. ಆಕೆ ಕಣ್ಣು ಮುಚ್ಚಿಕೊಂಡು ಅದರ ಕೊರಳಿನ ಮೇಲೆ ಕೈ ಇಟ್ಟಳು, ಬಿಸಿ ಹಂಚನ್ನು ಮುಟ್ಟಿದವರಂತೆ. ತೆಗೆಯಲಿಲ್ಲ. ಡಾಕ್ಟರು ಚುಚ್ಚಿದ್ದು ನಾಯಿಗೆ ಗೊತ್ತಾಯಿತೋ ಇಲ್ಲವೋ, ಅದು ಆಕೆಯ ಮೊಣಕೈಗೆ ಮೂತಿ ಒತ್ತಿಕೊಂಡೇ ನಿಂತಿತ್ತು.

ಬರುವಾಗ ಒಂದೇ ಆಟೋ. "ಹೆಂಗೂ ಮೈಲಿಗಿ ಆಗೇತಿ," ಎಂದಳು. ಮನೆಗೆ ಬಂದು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ಟ್ಯಾಂಕಿನಲ್ಲಿದ್ದ ನೀರು ಮುಗಿಯಿತು, ಹೆಂಡತಿ ಕೆಳಗೆ ಹೋಗಿ ಮೋಟಾರು ಹಾಕಿಸಿದಳು.

ಆಮೇಲೆ ಸರಪಳಿಯ ಪ್ರಶ್ನೆ. ದಿನಾ ಮುಟ್ಟಿ ದಿನಾ ಎರಡೆರಡು ಸ್ನಾನ ಮಾಡುವಷ್ಟು ನೀರು ಕೂಕಟ್‌ಪಲ್ಲಿಯಲ್ಲಿ ಎಲ್ಲಿತ್ತು? ದೊಡ್ಡವ್ವನೇ ದಾರಿ ಕಂಡುಕೊಂಡಳು. ಹಳೆಯ ಮಡಿಕೋಲೊಂದರ ತುದಿಗೆ ಸರಪಳಿ ಬಿಗಿಸಿದಳು. ಕೊರಳಪಟ್ಟಿಗೆ ಕೊಂಡಿ ಸಿಕ್ಕಿಸುವ ಕೆಲಸ ವಾಚ್‌ಮನ್ನನದು. ಸಂಜೆ ಈ ತುದಿಗೆ ದೊಡ್ಡವ್ವ, ಆ ತುದಿಗೆ ನಾಯಿ, ನಡುವೆ ಕೋಲು. ಕಾಲ್‌ಸೆಂಟರಿನವರನ್ನು ಕರೆದೊಯ್ಯಲು ಬಂದ ಕ್ವಾಲಿಸ್ ಗಾಡಿಗಳ ಡ್ರೈವರುಗಳು ಹಾರ್ನ್ ಹಾಕುವುದನ್ನು ನಿಲ್ಲಿಸಿ ದಾರಿ ಬಿಡುತ್ತಿದ್ದರು. "ಅಜ್ಜೀ, ಮೀನು ಹಿಡಿಯೋಕೆ ಹೊರಟಿರಾ?" ಎಂದು ಒಬ್ಬ ಹಿಂದಿಯಲ್ಲಿ ಕಿಚಾಯಿಸಿದರೆ, "ನಿನ್ನಂಥ ದೊಡ್ಡ ಮೀನ ಸಿಕ್ಕರ ಬಿಡಂಗಿಲ್ಲ," ಎಂದು ಕನ್ನಡದಲ್ಲೇ ಉತ್ತರ. ಕಾರ್ಯದರ್ಶಿಗಳು ಎದುರಾದರೆ ಕೋಲನ್ನು ನೆಟ್ಟಗೆ ಮಾಡಿ, "ಮಾಲಕಳು ಬಂದಾಳ ನೋಡ್ರೆಪಾ," ಎಂದು ಬೇಕೆಂದೇ ಹೇಳುವಳು. ಅವರೂ ನಗುತ್ತಿದ್ದರು. ಆ ಸಂಜೆಗಳ ಬೆಳಕು, ಎಲ್ಲೆಲ್ಲೂ ಏಳುತ್ತಿದ್ದ ಕಟ್ಟಡಗಳ ಸಿಮೆಂಟಿನ ಧೂಳು, ಇರಾನಿ ಹೋಟೆಲಿನ ಚಹಾದ ವಾಸನೆ, ಅದರ ನಡುವೆ ಸರಪಳಿ ಕಿಣಿಕಿಣಿ ಅನ್ನುವ ಸಪ್ಪಳ. ಈಗ ಆ ರಸ್ತೆಯ ಮೇಲೆ ಮೆಟ್ರೋ ಓಡುತ್ತದೆ. ಅದರಲ್ಲಿ ಹೋಗುವಾಗ ನಾನು ಕಿಟಕಿಯಿಂದ ಕೆಳಗೇ ನೋಡುತ್ತಿರುತ್ತೇನೆ.

ಮೈಸೂರಿನ ಹುಡುಗ ಪುಣೆಗೆ ಹೋದ. ಕಾರ್ಯದರ್ಶಿಗಳು ಆ ಕಾರು ಮಾರಿ ದೊಡ್ಡದು ತಂದರು. ನಾಯಿಗೆ ವಯಸ್ಸಾಯಿತು, ದೊಡ್ಡವ್ವನಿಗೂ. ಹೆಸರು ಮಾತ್ರ ಇಡಲೇ ಇಲ್ಲ.

ಒಂದು ಮಳೆಗಾಲದಲ್ಲಿ ಇಡೀ ದಿನ ಮಳೆ ಸುರಿದು ಸೆಲ್ಲಾರಿಗೆ ಮೊಣಕಾಲುದ್ದ ನೀರು ನುಗ್ಗಿತು. ನಾನು ಬಸ್ಸು ಸಿಗದೆ ನಡೆದುಕೊಂಡು ಬಂದು, ಕೆಳಗೆ ಮೋಟಾರಿನ ಹತ್ತಿರ ನಾಯಿಯನ್ನು ಹುಡುಕಿದೆ. ಇರಲಿಲ್ಲ. ಗಾಬರಿಯಲ್ಲಿ ಮೇಲೆ ಬಂದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ತುಂಬ ಒದ್ದೆ ಹೆಜ್ಜೆಗಳು. ಅಡಿಗೆಮನೆಯ ಹೊಸ್ತಿಲ ಒಳಗೆ ಗೋಣಿಚೀಲದ ಮೇಲೆ ನಾಯಿ ಮಲಗಿತ್ತು. ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಡೆಯ ರೊಟ್ಟಿ ಇಳಿಸಿ, ತಾಟಿನಲ್ಲಿ ಮುರಿದು, ಮೇಲೆ ಹಾಲು ಹಾಕಿ ಕೈಯಿಂದ ಕಿವುಚಿದಳು.

"ಹಲ್ಲಿಲ್ಲ ಅದಕ್ಕ," ಎಂದು ಬಾಗಿ ಅದರ ಮುಂದಿಟ್ಟಳು.